ಎದ್ದವರ ಲೆಕ್ಕ

ಮೇಡಂ ತೀರಿಕೊಂಡರು ಎಂದು ಫೋನ್ ಬಂದಾಗ ನಾನು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ. ಫೋನ್ ಇಟ್ಟು ಮತ್ತೆ ಮೊರ ತೆಗೆದುಕೊಂಡೆ. ಆ ದಿನ ಅನ್ನದಲ್ಲಿ ಒಂದು ಕಲ್ಲೂ ಸಿಗಲಿಲ್ಲ. ಹದಿನಾರು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದವಳು ನಾನು. ಅದರಲ್ಲಿ ಕೊನೆಯ ಐದು ವರ್ಷ ಅವರ ಮುಖವನ್ನು ಸರಿಯಾಗಿ ನೋಡಿರಲಿಲ್ಲ.

ಹದಿನೈದು ದಿನದ ಮೇಲೆ ಗ್ರಂಥಾಲಯದಲ್ಲಿ ಸಂತಾಪ ಸಭೆ ಇಟ್ಟರು. ಫೋಟೋಗೆ ಹಾರ ಹಾಕಿ, ನೀವೂ ಎರಡು ಮಾತು ಹೇಳಿ ಎಂದರು. ನಾನು ಎದ್ದು ನಿಂತು, "ಮೇಡಂ ಒಂದು ದಿನಾನೂ ತಡ ಮಾಡಿ ಬಂದವರಲ್ಲ" ಎಂದು ಹೇಳಿ ಕೂತೆ. ಹಿಂದಿನ ಸಾಲಿನಲ್ಲಿ ಯಾರೋ, "ಪಾಪ, ಭಾಳ ಹಚ್ಚಿಕೊಂಡಿದ್ಲು, ಮಾತ ಬರವಲ್ದು" ಎಂದರು. ನನಗೆ ಮಾತು ಬರುತ್ತಿತ್ತು. ಅಲ್ಲಿ ಆಡುವಂಥ ಮಾತಾಗಿರಲಿಲ್ಲ ಅಷ್ಟೆ.

ನಮ್ಮದು ಹೊಸಪೇಟೆಯಲ್ಲಿ ಒಂದು ಟ್ರಸ್ಟು ನಡೆಸುವ ಸಣ್ಣ ಗ್ರಂಥಾಲಯ. ಕೆಳಗೆ ಪೇಪರು, ಪುಸ್ತಕ. ಮೇಲೆ ಒಂದು ಕೋಣೆ. ಅದರಲ್ಲಿ ಟಿವಿ, ಸಿಡಿ ಹಾಕುವ ಪ್ಲೇಯರು, ಮೂರು ಕಬ್ಬಿಣದ ಕಪಾಟು. ಆ ಮೂರು ಕಪಾಟಿನ ತುಂಬ ಸಿನಿಮಾ. ಸದಸ್ಯರು ಪುಸ್ತಕ ಒಯ್ಯುವಂತೆ ಸಿನಿಮಾ ಮನೆಗೆ ಒಯ್ದು ನೋಡಿ ವಾಪಸು ತಂದುಕೊಡಬೇಕು. ಯಾವ ಸಿನಿಮಾ ಕಪಾಟಿಗೆ ಹೋಗಬೇಕು, ಯಾವುದು ಹೋಗಬಾರದು ಎಂದು ತೀರ್ಮಾನಿಸುವವರು ಮೇಡಂ ಒಬ್ಬರೇ. ನಾನು ಎಸ್ಸೆಸ್ಸೆಲ್ಸಿ ಪಾಸಾದ ಸಹಾಯಕಿ. ಮತ್ತೊಬ್ಬರು ಜವಾನ, ವಯಸ್ಸಾದವರು, ಎಲ್ಲರೂ ಕಾಕಾ ಎನ್ನುತ್ತಿದ್ದೆವು.

ಮೇಡಂ ಎತ್ತರದ, ಒಣಕಲು ಹೆಂಗಸು. ಕೈಗೆ ಗಂಡಸರ ದೊಡ್ಡ ವಾಚು. ಕನ್ನಡಕ ಯಾವಾಗಲೂ ದಾರದಲ್ಲಿ ಕೊರಳಿಗೆ ಜೋತಿರುತ್ತಿತ್ತು. ಮಧ್ಯಾಹ್ನ ಕಿಟಕಿಯ ಹತ್ತಿರ ನಿಂತುಕೊಂಡೇ ರೊಟ್ಟಿ ತಿನ್ನುತ್ತಿದ್ದರು, ಒಬ್ಬರೇ. ಯಾರಾದರೂ ಮಾತಿನ ನಡುವೆ ಬಾಯಿ ಹಾಕಿದರೆ ತೋರುಬೆರಳನ್ನು ಎತ್ತುತ್ತಿದ್ದರು. ಆ ಬೆರಳಿಗೆ ಟ್ರಸ್ಟಿನವರೂ ಹೆದರುತ್ತಿದ್ದರು.

"ಪುಸ್ತಕ ಹತ್ತು ಪುಟ ಓದಿದ್ರ ಗೊತ್ತಾಗ್ತದ. ಸಿನಿಮಾನ ನಂಬಬಾರ್ದು. ಕಡೀ ಹತ್ತು ನಿಮಿಷದಾಗ ಕೈ ಕೊಡ್ತದ" ಎನ್ನುತ್ತಿದ್ದರು. ಅದಕ್ಕೆ ಕೊಂಡದ್ದಾಗಲಿ, ಯಾರೋ ದಾನ ಕೊಟ್ಟದ್ದಾಗಲಿ, ಪ್ರತಿ ಸಿನಿಮಾವನ್ನೂ ಮೂರು ಸಲ ಹಾಕುತ್ತಿದ್ದರು. ಮೊದಲ ಸಲ ಕುರ್ಚಿಯನ್ನು ಗೋಡೆಗೆ ತಿರುಗಿಸಿಕೊಂಡು ಬರೀ ಕೇಳುವುದು. ಎರಡನೇ ಸಲ ಧ್ವನಿ ತೆಗೆದು ಬರೀ ನೋಡುವುದು. ಮೂರನೇ ಸಲ ನನ್ನನ್ನೂ ಕಾಕಾನನ್ನೂ ಕೂಡಿಸಿ, ತಾವು ಟಿವಿಯ ಪಕ್ಕದಲ್ಲಿ ನಮ್ಮ ಕಡೆ ಮುಖ ಮಾಡಿ ಕೂರುತ್ತಿದ್ದರು. ನಾವು ಸಿನಿಮಾ ನೋಡಬೇಕು, ಅವರು ನಮ್ಮನ್ನು ನೋಡುತ್ತಾರೆ. ತೊಡೆಯ ಮೇಲೆ ಉದ್ದನೆಯ ನೋಟುಬುಕ್ಕು. ಅದರಲ್ಲಿ ಸಿನಿಮಾದ ಹೆಸರಿನ ಮುಂದೆ, ನಾವಿಬ್ಬರೂ ಸೇರಿ ಎಷ್ಟು ಸಲ ಎದ್ದೆವು ಎಂದು ಬರೆಯುತ್ತಿದ್ದರು. ಒಂದು ಸಲ ಎದ್ದರೆ ಯೋಚನೆ ಮಾಡುತ್ತಾರೆ. ಎರಡು ಸಲ ಎದ್ದರೆ ಆ ಸಿನಿಮಾ ಬೇಡ, ಟಿವಿ ಅಲ್ಲಿಗೇ ಬಂದ್.

"ಮೇಡಂ, ನೀರು ಕುಡ್ಯಾಕ ಎದ್ದಿದ್ದೆ" ಎಂದು ಒಮ್ಮೆ ಕಾಕಾ ಹೇಳಿದರು.

"ಕಾರಣ ನಾ ಕೇಳಿಲ್ಲ. ಛಲೋ ಸಿನಿಮಾ ಇದ್ರ ನೀರಡಿಕಿನೂ ಕುಂತು ನೋಡ್ತದ."

ಕಾಕಾ ಆಮೇಲೆ ಒಂದು ಉಪಾಯ ಕಂಡುಕೊಂಡರು. ಸಿನಿಮಾ ಶುರುವಾದ ಕೂಡಲೇ ನಿದ್ದೆ ಹೋಗುತ್ತಿದ್ದರು. ನಿದ್ದೆ ಮಾಡಿದರೆ ಎದ್ದ ಹಾಗೆ ಅಲ್ಲವಲ್ಲ. ಅವರ ನಿದ್ದೆಯ ದೆಸೆಯಿಂದ ನಮ್ಮ ಕಪಾಟು ಸೇರಿದ ಸಿನಿಮಾಗಳು ಬೇಕಾದಷ್ಟಿವೆ.

ಸಂಡೂರು ಮೇಡಂ ಅವರ ಊರು. ಅಲ್ಲಿ ಒಂದು ಸಿಡಿ ಅಂಗಡಿ ಮುಚ್ಚುತ್ತಿದೆ, ಇದ್ದದ್ದನ್ನೆಲ್ಲ ಗ್ರಂಥಾಲಯಕ್ಕೆ ಸುಮ್ಮನೆ ಕೊಡುತ್ತಾನಂತೆ ಎಂದು ನನ್ನನ್ನೂ ಕರೆದುಕೊಂಡು ಹೋದರು. ನಾಲ್ಕು ಚೀಲ ಇದ್ದವು. ಮೇಡಂ ನೆಲದ ಮೇಲೆ ಕೂತು ಒಂದೊಂದೇ ತೆಗೆದು ನೋಡಿ ಹನ್ನೊಂದನ್ನು ಬೇರೆ ಇಟ್ಟರು. ಅಂಗಡಿಯವನು ಆಸೆಯಿಂದ, "ಉಳಿದವು, ಮೇಡಂ?" ಎಂದ. "ಯಾರಿಗೂ ಕೊಡಬ್ಯಾಡಪ್ಪ" ಎಂದು ಎದ್ದರು. ಅವನು ಚೀಲದ ಬಾಯಿ ಕಟ್ಟುತ್ತ ತಲೆ ತಗ್ಗಿಸಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬರುವಾಗ ಬಸ್ಸಿನಲ್ಲಿ, "ಸುಳ್ಳು ಹೇಳಬೇಕಿತ್ತೇನು?" ಎಂದು ತಾವೇ ಕೇಳಿದರು.

ಅವರ ಕಣ್ಣು ಮಾತ್ರ ಕಣ್ಣೇ. ಇದನ್ನು ಒಪ್ಪಲೇಬೇಕು. ಹಂಪಿಯ ಮೇಲೆ ತೆಗೆದ ಸಿನಿಮಾಗಳು ರಾಶಿ ರಾಶಿ ಬರುತ್ತಿದ್ದವು. ಎಲ್ಲವನ್ನೂ ನೋಡಿ, "ಬಂಡಿಗಲ್ಲು, ಸೂರ್ಯ, ಮತ್ತ ಬಂಡಿಗಲ್ಲು" ಎಂದು ವಾಪಸು ಕಳಿಸುತ್ತಿದ್ದರು. ಅವುಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡರು. ಯಾರೋ ಪ್ರವಾಸಿ ಕೈ ನಡುಗಿಸುತ್ತ ತೆಗೆದದ್ದು, ಅರ್ಧ ಮಸುಕು. ಅದರಲ್ಲಿ ಹಂಪಿ ಬಜಾರಿನ ಕಲ್ಲು ಮಂಟಪದೊಳಗೆ ಒಬ್ಬ ಮುದುಕಿ ಒಲೆಯ ಮುಂದೆ ಕೂತು ದೋಸೆ ಮಗುಚುತ್ತಾಳೆ, ಹಿಂದೆ ಹಗ್ಗದ ಮೇಲೆ ಬಟ್ಟೆಗಳು ಒಣಗುತ್ತಿವೆ. ಆ ಮಂಟಪಗಳಿಂದ ಜನರನ್ನೆಲ್ಲ ಆಗಲೇ ತೆರವು ಮಾಡಿಸಿಯಾಗಿತ್ತು. "ಈ ಮಂಟಪದಾಗ ಒಲಿ ಉರೀತಿತ್ತು ಅನ್ನೂದು ಬ್ಯಾರೆ ಯಾವುದರಾಗೈತಿ ತೋರ್ಸು" ಎಂದರು. ಆ ದಿನ ನಾವಿಬ್ಬರೂ ಏಳಲಿಲ್ಲ. ಕಾಕಾ ನಿದ್ದೆಯನ್ನೂ ಮಾಡಲಿಲ್ಲ.

ನನ್ನ ಗಂಡ ಮದುವೆ ವಿಡಿಯೋ ತೆಗೆಯುವವರು, ಊರು ಕಂಪ್ಲಿ. ಟ್ರಸ್ಟಿನ ಒಬ್ಬರು ಸಾಹುಕಾರರು ಕಂಪ್ಲಿಯಲ್ಲಿ ರೈಸ್ ಮಿಲ್ ಇಟ್ಟವರು. ಅವರ ಮಗಳ ಮದುವೆಯನ್ನು ನನ್ನ ಗಂಡನೇ ತೆಗೆದಿದ್ದರು. ಸಾಹುಕಾರರು ಆ ಮೂರು ಸಿಡಿಗಳನ್ನು ತಂದು, "ಇವನ್ನೂ ಇಡ್ರಿ ಮೇಡಂ, ಊರ ಮಂದಿ ನೋಡ್ಲಿ" ಎಂದರು. ಮೇಡಂ ಅದನ್ನೂ ಬಿಡದೆ ಮೂರು ಸಲ ನೋಡಿದರು. ಆಮೇಲೆ ಸಾಹುಕಾರರ ಕೈಗೆ ಕೊಟ್ಟು, "ಮದುಮಗಳು ಒಮ್ಮಿನೂ ನಕ್ಕಿಲ್ರಿ. ಮಂದಿ ನೋಡಿದ್ರ ನಿಮಗ ಛಲೋ ಅಲ್ಲ" ಎಂದರು.

ಮನೆಗೆ ಹೋಗಿ ಇದನ್ನು ಹೇಳಿದಾಗ ನನ್ನ ಗಂಡ ಕ್ಯಾಮೆರಾ ಒರೆಸುವುದನ್ನು ನಿಲ್ಲಿಸಿದರು. "ನಿಮ್ಮ ಮೇಡಂ ಅದನ್ನ ಕಂಡ್ಲಲ್ಲ. ನಾನೂ ಕಂಡಿದ್ದೆ. ಮೂರು ದಿನ ಆ ಹುಡುಗಿ ಮಾರಿ ಹುಡುಕಿ ಹುಡುಕಿ ಸಾಕಾತು" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಲೇ, ಒಂದು ಸಿನಿಮಾ ಮಾಡ್ತೀನಿ. ಆಕಿಗೆ ತೋರ್ಸಬೇಕು" ಎಂದರು. ಅವರಿಗೆ ಮೇಡಂ ಕಣ್ಣಿನ ಮೇಲೆ ಅಷ್ಟು ನಂಬಿಕೆ. ಮೇಡಂ ಬಗ್ಗೆ ನನಗಿರುವ ಸಿಟ್ಟು ಇಲ್ಲಿಂದಲೇ ಶುರುವಾಗುತ್ತದೆ.

ಆ ಸಿನಿಮಾ ಮೂವತ್ತೆಂಟು ನಿಮಿಷದ್ದು. ಹೊಸಪೇಟೆಯಿಂದ ತೋರಣಗಲ್ಲಿಗೆ ಬೆಳಿಗ್ಗೆ ಕಾರ್ಖಾನೆಯ ಶಿಫ್ಟಿಗೆ ಹೋಗುವ ಖಾಸಗಿ ಬಸ್ಸು. ಅದರಲ್ಲಿ ಗುತ್ತಿಗೆ ಕೆಲಸದವರು ನಿದ್ದೆ ಮಾಡುತ್ತ ಹೋಗುತ್ತಾರೆ. ನನ್ನ ಗಂಡ ಮದುವೆ ಇಲ್ಲದ ದಿನಗಳಲ್ಲೆಲ್ಲ ಆ ಬಸ್ಸು ಹತ್ತಿ ಅವರ ಮುಖ ತೆಗೆದರು. ಕಥೆ ಇಲ್ಲ, ಹಾಡಿಲ್ಲ. ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಜೋಡಿಸುವಾಗ, "ಬಾ ಇಲ್ಲೆ, ಇದೊಂದು ನೋಡು" ಎಂದು ಕರೆಯುತ್ತಿದ್ದರು. ನಾನು ಹಸಿ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತು ಒಂದು ತುಣುಕು ನೋಡಿ ಒಲೆಯ ಕಡೆ ಹೋಗುತ್ತಿದ್ದೆ. ಹೀಗೆ ತುಣುಕು ತುಣುಕಾಗಿ ನೋಡಿದ್ದು ಬಿಟ್ಟರೆ ಪೂರ್ತಿಯಾಗಿ ನಾನು ನೋಡಿದವಳಲ್ಲ. ಗ್ರಂಥಾಲಯದಲ್ಲಿ ಹೇಗೂ ನೋಡುತ್ತೇನಲ್ಲ ಎಂದುಕೊಂಡಿದ್ದೆ.

ಮೇಡಂ ಗೋಡೆಗೆ ತಿರುಗಿ ಒಂದು ಸಲ ಕೇಳಿದರು. ಧ್ವನಿ ತೆಗೆದು ಒಂದು ಸಲ ನೋಡಿದರು. ಮೂರನೇ ದಿನ ನಮ್ಮನ್ನು ಕೂಡಿಸಿದರು. ಕೆಳಗೆ ಬೀದಿಯಲ್ಲಿ ನನ್ನ ಗಂಡ ಸ್ಕೂಟರಿಗೆ ಒರಗಿ ಕಾಯುತ್ತಿದ್ದರು. ಅವರಿದ್ದಾರೋ ಹೋದರೋ ಎಂದು ನಾನು ಒಮ್ಮೆ ಎದ್ದು ಕಿಟಕಿಯಲ್ಲಿ ನೋಡಿ ಬಂದೆ. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಎದ್ದೆ. ಕೂತ ಮೇಲೆ ನೆನಪಾಯಿತು, ಎರಡಾಯಿತು ಎಂದು. ಮೇಡಂ ಬರೆದು ಮುಗಿಸಿ ಟಿವಿ ಆರಿಸಿದ್ದರು.

"ಮೇಡಂ, ನಾ ಕೆಳಗ ನನ್ನ ಗಂಡನ್ನ ನೋಡಾಕ ಎದ್ದೆ, ಬ್ಯಾಸರ ಆಗಿ ಅಲ್ಲ" ಎಂದೆ.

ಅವರು ಬೆರಳೆತ್ತಿದರು. "ನಿನ್ನ ಗಂಡ ತೆಗದದ್ದು ನಿನ್ನನ್ನ ಕುಂದ್ರಿಸಲಿಲ್ಲ. ಬ್ಯಾರೇದವ್ರು ಕುಂದರತಾರೇನು? ನಿದ್ದಿ ಮಾಡವ್ರನ್ನ ನೋಡಾಕ ಯಾರು ಎಚ್ಚರ ಇರ್ತಾರ? ಕಾಕಾನ್ನ ನೋಡು." ಕಾಕಾ ಗೊರಕೆ ಹೊಡೆಯುತ್ತಿದ್ದರು. "ಒಯ್ದು ಕೊಡು ಅವಗ."

ನಾನು ಮೆಟ್ಟಿಲು ಇಳಿದು ಬೀದಿಗೆ ಬಂದೆ. ನನ್ನ ಗಂಡ ನನ್ನ ಮುಖವನ್ನೇ ನೋಡಿದರು. ನಾನು, "ಇಟ್ಕೊಂಡ್ರು" ಎಂದುಬಿಟ್ಟೆ.

ಆಡಿದ ಸುಳ್ಳಿಗೆ ಒಂದು ಜಾಗ ಬೇಕಿತ್ತು. ಆ ವರ್ಷವೇ ಕಾಕಾನ ನಿದ್ದೆಯ ದೆಸೆಯಿಂದ ಸೇರಿದ್ದ, ಭತ್ತದ ಬೀಜೋಪಚಾರದ ಒಂದು ಸಿಡಿ ಕಪಾಟಿನ ಕೆಳಗಿನ ಸಾಲಿನಲ್ಲಿತ್ತು. ಅದನ್ನು ಯಾರೂ ಒಯ್ಯುತ್ತಿರಲಿಲ್ಲ. ಆ ಸಿಡಿಯನ್ನು ಮನೆಗೆ ತಂದು ಟ್ರಂಕಿನಲ್ಲಿ ಹಾಕಿ, ಅದರ ಡಬ್ಬಿಯಲ್ಲಿ ಗಂಡನ ಸಿನಿಮಾ ಇಟ್ಟೆ. ಗ್ರಂಥಾಲಯದಲ್ಲಿ ಹಾಕಿದರೆ ಮೇಡಂಗೆ ಗೊತ್ತಾಗುತ್ತದೆ, ಮನೆಯಲ್ಲಿ ಹಾಕಿ ಎಂದರೆ ಗಂಡನಿಗೆ ಸುಳ್ಳು ಗೊತ್ತಾಗುತ್ತದೆ, ಹೀಗೆ ನಾನು ಪೂರ್ತಿ ನೋಡುವುದು ಆಗಲೇ ಇಲ್ಲ. ಒಂದು ದಿನ ಮೇಡಂ ರಜೆಯಲ್ಲಿದ್ದಾಗ ನನ್ನ ಗಂಡ ನೋಡಲು ಬಂದರು. ಡಬ್ಬಿ ತೆಗೆದು ತೋರಿಸಿದೆ. ಒಳಗೆ ಅವರ ಕೈಬರಹ. ಹೊರಗೆ ಭತ್ತದ ತೆನೆಯ ಚಿತ್ರ.

"ಇದ್ಯಾಕಬೇ?"

"ಖಾಲಿ ಡಬ್ಬಿ ಇದ್ದಿದ್ದಿಲ್ರಿ."

ಅವರು ನಕ್ಕರು. "ಇರ್ಲಿ ಬಿಡು. ಕಂಪ್ಲಿಯವ ನಾನು. ಭತ್ತದ ಜೋಡಿನ ಇರ್ತೀನಿ."

ಎರಡು ವರ್ಷದ ಮೇಲೆ ಅವರ ಕಂಪ್ಯೂಟರು ಕೆಟ್ಟು ಅದರಲ್ಲಿದ್ದದ್ದೆಲ್ಲ ಹೋಯಿತು. ನಾನು ಅತ್ತೆ. ಅವರು, "ಗ್ರಂಥಾಲಯದಾಗ ಒಂದೈತಲ್ಲ" ಎಂದು ಸುಮ್ಮನಾದರು. ಅದರ ಮರುವರ್ಷ ಒಂದು ಮಧ್ಯಾಹ್ನ ಎದೆ ನೋವು ಎಂದು ಮಲಗಿದವರು ಏಳಲಿಲ್ಲ.

ನಮ್ಮ ಗ್ರಂಥಾಲಯದಲ್ಲಿ ಇನ್ನೊಂದು ಪದ್ಧತಿ ಇತ್ತು. ಮೂರು ವರ್ಷ ಯಾರೂ ಒಯ್ಯದ ಸಿನಿಮಾವನ್ನು ತೆಗೆದುಹಾಕುವುದು. ತೆಗೆಯುವ ಮೊದಲು ಮೇಡಂ ಅದನ್ನು ಮತ್ತೊಮ್ಮೆ ಹಾಕಿ ನೋಡುತ್ತಿದ್ದರು. ಆಮೇಲೆ ಕೈವಾರದ ಮೊನೆಯಿಂದ ಸಿಡಿಯ ಮೇಲೆ ಅಡ್ಡಡ್ಡ ಎರಡು ಗೀರು ಎಳೆದು ಚೀಲಕ್ಕೆ ಹಾಕುವುದು. ಆ ಚೀಲವನ್ನು ಸಾಹುಕಾರರು ಕಂಪ್ಲಿಗೆ ಒಯ್ಯುತ್ತಿದ್ದರು. ಗದ್ದೆಯಲ್ಲಿ ದಾರಕ್ಕೆ ಕಟ್ಟಿ ತೂಗುಬಿಟ್ಟರೆ ಬಿಸಿಲಿಗೆ ಫಳಫಳ ಎಂದು ಹಕ್ಕಿ ಬರುವುದಿಲ್ಲ. ಗೀರು ಎಳೆಯುವುದು ಪ್ರತಿ ವರ್ಷ ನನ್ನ ಕೆಲಸ. ಆ ವರ್ಷ ನಾನು ಹನ್ನೊಂದು ದಿನ ಮನೆಯಲ್ಲಿದ್ದೆ, ಗಂಡನ ಕಾರ್ಯಕ್ಕೆ. ಮೇಡಂ ತಾವೇ ಆ ಕೆಲಸ ಮುಗಿಸಿದ್ದರು.

ವಾಪಸು ಹೋದ ದಿನ ಅವರು ನನಗೆ ಹೇಳಿದ್ದು ಒಂದೇ ಮಾತು, "ಹಾಜರಿ ಪುಸ್ತಕದಾಗ ಹನ್ನೊಂದು ದಿನ ಖಾಲಿ ಐತಿ, ರಜಾ ಅರ್ಜಿ ಬರದುಕೊಡು." ಅರ್ಜಿ ಬರೆದುಕೊಟ್ಟು ಮೇಲಿನ ಕೋಣೆಗೆ ಹೋದೆ. ಕೆಳಗಿನ ಸಾಲಿನಲ್ಲಿ ಭತ್ತದ ಡಬ್ಬಿ ಇರಲಿಲ್ಲ.

ಕೇಳಿದರೆ ನಾನು ಮಾಡಿದ್ದನ್ನೂ ಹೇಳಬೇಕು. ಕೆಲಸ ಹೋದರೆ ಮುಂದೇನು? ತಿಂಗಳ ಮೇಲೆ ಒಂದು ಭಾನುವಾರ ಕಂಪ್ಲಿ ಬಸ್ಸು ಹತ್ತಿದೆ. ಸಾಹುಕಾರರ ಗದ್ದೆ ಕಾಲುವೆಯ ಪಕ್ಕದಲ್ಲಿದೆ. ತೆನೆ ಬಂದ ಗದ್ದೆಯ ತುಂಬ ಸಿಡಿಗಳು ತಿರುಗುತ್ತಿದ್ದವು. ಬದುವಿನ ಮೇಲೆ ನಡೆಯುತ್ತ ಒಂದೊಂದನ್ನೇ ಹಿಡಿದು ತಿರುಗಿಸಿದೆ. ಬಿಸಿಲಿಗೂ ಇಬ್ಬನಿಗೂ ಬರಹವೆಲ್ಲ ಹೋಗಿತ್ತು. ಎಲ್ಲದರ ಮೇಲೂ ಅಡ್ಡಡ್ಡ ಗೀರು. ಕಳೆ ಕೀಳುತ್ತಿದ್ದ ಒಬ್ಬ ಹೆಂಗಸು ಸೊಂಟಕ್ಕೆ ಕೈ ಕೊಟ್ಟು ನಿಂತು, "ಏನ್ ಹುಡುಕಾಕತ್ತಿ ಅಕ್ಕಾ? ಮಾರಿ ನೋಡ್ಕೊಂತಿಯೇನು? ಮನ್ಯಾಗ ಕನ್ನಡಿ ಇಲ್ಲೇನು?" ಎಂದಳು. ಹೌದು ಎಂದು ಹೇಳಿ ಬಂದೆ.

ಒಂದು ಪ್ರಶ್ನೆ ಮಾತ್ರ ಉಳಿಯಿತು. ತೆಗೆಯುವ ಮೊದಲು ಅವರು ನೋಡಿದರೋ ಇಲ್ಲವೋ. ನೋಡದೆ ಗೀಚಿದ್ದರೆ ತಮ್ಮ ನಿಯಮವನ್ನು ತಾವೇ ಮುರಿದಂತೆ. ನೋಡಿಯೂ ಗೀಚಿದ್ದರೆ, ಆ ಹನ್ನೊಂದು ದಿನಗಳಲ್ಲಿ, ಅಂಥವರನ್ನು ಏನೆಂದು ಕರೆಯಬೇಕು? ಐದು ವರ್ಷ ಅವರ ಎದುರಿಗೆ ಕೂತು ಸಿನಿಮಾ ನೋಡಿದೆ. ಏಳಬೇಕೆನಿಸಿದಾಗಲೂ ಏಳಲಿಲ್ಲ, ಏಳಬಾರದೆನಿಸಿದಾಗ ಬೇಕೆಂದೇ ಎದ್ದೆ. ಒಳ್ಳೆಯ ಸಿನಿಮಾ ಎಷ್ಟನ್ನು ಹೀಗೆ ಓಡಿಸಿದೆನೋ. ಅವರು ಸುಮ್ಮನೆ ಬರೆದುಕೊಂಡರು.

ಮೇಡಂ ನಿವೃತ್ತಿಯಾಗಿ ಸಂಡೂರಿನಲ್ಲಿ ತಂಗಿಯ ಮನೆಯಲ್ಲಿದ್ದರು. ಹಾಸಿಗೆ ಹಿಡಿದಿದ್ದಾರೆ ಎಂದು ಕಾಕಾ ಹೇಳಿದಾಗ ಹೊರಟೆ. ನೋಡಲು ಅಲ್ಲ, ಕೇಳಲು. ಕೆಂಪು ಧೂಳು ಕೂತ ಕಿಟಕಿಯ ಪಕ್ಕದಲ್ಲಿ ಮಂಚ ಹಾಕಿದ್ದರು. ವಾಚು ಮೊಳಕೈಯ ತನಕ ಜಾರುತ್ತಿತ್ತು.

"ಬಾ, ಕುಂದ್ರು" ಎಂದರು.

ನಿಂತೇ ಕೇಳಿದೆ. "ಮೇಡಂ, ಆ ಭತ್ತದ ಸಿಡಿ ತೆಗೆಯೂ ಮುಂದ ನೋಡಿದ್ರೇನು?"

"ನೋಡದ ತಗದದ್ದು ಒಂದಾದ್ರೂ ಐತೇನು? ನಿನ್ನ ಗಂಡ ಇದ್ದ ಅದರಾಗ."

"ಗೊತ್ತಾಗಿನೂ ಗೀಚಿದ್ರಿ."

"ಅವ ಸತ್ತಾನಂತ ಸಿನಿಮಾ ಛಲೋ ಆಗೂದಿಲ್ಲವಾ. ಮೂವತ್ತೆಂಟು ನಿಮಿಷದಾಗ ಹನ್ನೆರಡು ನಿಮಿಷ ಛಲೋ ಐತಿ. ಹನ್ನೆರಡು ನಿಮಿಷಕ್ಕ ಕಪಾಟಿನಾಗ ಜಾಗ ಇಲ್ಲ." ಉಸಿರು ತೆಗೆದುಕೊಂಡು ಮುಂದುವರಿಸಿದರು. "ಡಬ್ಬಿ ಮ್ಯಾಲೊಂದು, ಒಳಗೊಂದು. ಅದು ನೀ ಮಾಡಿದ್ದು. ನಿನಗ ಮೆಮೊ ಕೊಡಬೇಕಿತ್ತು. ಗಂಡ ಸತ್ತು ಮನ್ಯಾಗ ಕುಂತಾಕಿಗೆ ಏನ್ ಮೆಮೊ ಕೊಡೂದು? ಅದನ್ನ ಗೀಚಿ ಒಗದೆ. ಯಾರಿಗೂ ಹೇಳಲಿಲ್ಲ."

ಅದು ಅವರ ಲೆಕ್ಕದಲ್ಲಿ ದಯೆ. "ಮೆಮೊ ಕೊಡಬೇಕಿತ್ತು ಮೇಡಂ. ಕೆಲಸದಿಂದ ತೆಗೀಬೇಕಿತ್ತು. ಸಿಡಿ ಉಳೀತಿತ್ತು. ಲೋಕದಾಗ ಅದೊಂದ ಇದ್ದದ್ದು."

ಅದೊಂದೇ ಇದ್ದದ್ದು ಎಂದು ಅವರಿಗೆ ಗೊತ್ತಿರಲಿಲ್ಲ ಎಂಬುದು ಮುಖದಲ್ಲಿ ಕಂಡಿತು. ಕ್ಷಮಿಸು ಎನ್ನುತ್ತಾರೇನೋ ಎಂದು ಕಾದೆ. ಅನ್ನಲಿಲ್ಲ.

"ನೀ ಪೂರ್ತಿ ನೋಡಿಲ್ಲ" ಎಂದರು.

"ಇಲ್ಲ."

"ಕುಂದ್ರು. ಹೇಳ್ತೀನಿ."

ಕೂತೆ. ಅವರು ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣು ಮುಚ್ಚಿದರು. "ಮೊದ್ಲು ಬಸ್ ಚಾಲೂ ಆಗ್ತದ. ಯಾವನೋ ಕೆಮ್ಮತಾನ. 'ಒಳಗ ಸರೀರಿ, ಒಳಗ ಸರೀರಿ' ಅಂತ ಕಂಡಕ್ಟರ್. ಆಮ್ಯಾಲೆ ಮಾತಿಲ್ಲ. ಕಾರಿಗನೂರು ಹತ್ರ ರಸ್ತೆ ಕೆಟ್ಟೈತಿ, ಅಲ್ಲಿ ಎಲ್ಲಾರ ಬುತ್ತಿ ಡಬ್ಬಿ ಒಮ್ಮಿಗೇ ಬಡಕೊಂತಾವ. ನಿನ್ನ ಗಂಡ ಆ ಸಪ್ಪಳ ತಗದಿಲ್ಲ, ಹಂಗ ಬಿಟ್ಟಾನ. ಅದು ಛಲೋ." ಹೀಗೆ ನಡೆಯಿತು. ಕಪ್ಪು ಅಂಗಿಯವನ ಉಸಿರಿಗೆ ಕಿಟಕಿಯ ಗಾಜು ಮಬ್ಬಾದದ್ದು, ಒಬ್ಬ ಮುದುಕ ತೊಡೆಯ ಮೇಲಿನ ಹೆಲ್ಮೆಟ್ಟಿನೊಳಗೆ ಕನ್ನಡಕ ಇಟ್ಟು ಮಲಗಿದ್ದು. ಎಲ್ಲಿ ಉದ್ದವಾಯಿತು, ಎಲ್ಲಿ ಕೈ ಅಲುಗಿತು ಎಂಬುದನ್ನೂ ಬಿಡಲಿಲ್ಲ. "ಪಾಪಿನಾಯಕನಹಳ್ಳಿ ದಾಟಿದ ಮ್ಯಾಲೆ ಒಬ್ಬನ ತಲಿ ಬಾಜೂದವನ ಹೆಗಲ ಮ್ಯಾಲೆ ಬೀಳ್ತದ. ಬಾಜೂದವ ಗಾದಿಗನೂರಾಗ ಇಳಿಯಾವ. ಚೀಲ ಕೈಗೆ ತಗೊಂಡ. ಆ ತಲಿ ನೋಡಿದ. ಚೀಲ ಕೆಳಗಿಟ್ಟ. ಇಳೀಲಿಲ್ಲ. ಆವಾಗ ನಿನ್ನ ಗಂಡ ಕ್ಯಾಮೆರಾ ಕಿಟಕಿ ಕಡೆ ತಿರುವತಾನ. ಕಾಜಿನಾಗ ಅವನ ಮಾರಿ ಕಾಣ್ತದ. ಅವನೂ ಅವತ್ತು..."

ನನಗೆ ಕೂರಲಾಗಲಿಲ್ಲ. ಎದ್ದು ಬಾಗಿಲ ತನಕ ಹೋಗಿ ಚೌಕಟ್ಟು ಹಿಡಿದು ನಿಂತೆ.

ಹಿಂದಿನಿಂದ ಧ್ವನಿ ಬಂತು. "ಎದ್ದಿ."

"ನೀರು ಕುಡ್ದು ಬರ್ತೀನಿ ಮೇಡಂ."

"ಕಾರಣ ಬ್ಯಾಡ. ಇನ್ನಾ ಆರು ನಿಮಿಷ ಇತ್ತು. ಎದ್ದಿ."

ತಿರುಗಿ ಬಂದು ಕೂತೆ. ಅವರು ಬಾಯಿ ತೆರೆಯಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಅವರಿಗೆ ಹಟ, ನನಗೂ ಹಟ. ತಂಗಿ ತಂದುಕೊಟ್ಟ ಚಹಾ ಕುಡಿದು ಬಸ್ಸಿಗೆ ಬಂದೆ. ಇನ್ನೊಂದು ದಿನ ಬಂದು ಕೇಳಿದರಾಯಿತು ಎಂದುಕೊಂಡೆ. ತಿಂಗಳು ತುಂಬುವ ಮೊದಲೇ ಫೋನ್ ಬಂತು, ಅಕ್ಕಿ ಆರಿಸುವಾಗ.

ಅವರ ಮೇಲಿನ ಸಿಟ್ಟು ಹೋಗಿಲ್ಲ. ಆದರೆ ಆ ಸಿನಿಮಾವನ್ನು ಮೊದಲಿನಿಂದ ಕೊನೆಯ ತನಕ ತಲೆಯಲ್ಲಿ ಇಟ್ಟುಕೊಂಡಿದ್ದವರು ನನ್ನ ಗಂಡನನ್ನು ಬಿಟ್ಟರೆ ಅವರೊಬ್ಬರೇ. ಈಗ ಇಬ್ಬರೂ ಇಲ್ಲ. ಸಂತಾಪ ಸಭೆಯಲ್ಲಿ ಅಳದವಳು ಮನೆಗೆ ಬಂದ ಮೇಲೆ ಅತ್ತದ್ದು ನಿಜ, ಇಬ್ಬರಲ್ಲಿ ಯಾರಿಗೆ ಅತ್ತೆನೋ ಹೇಳಲಾರೆ.

ಕಳೆದ ಸೋಮವಾರ ಬೆಳಿಗ್ಗೆ ತೋರಣಗಲ್ಲಿನ ಬಸ್ಸು ಹತ್ತಿದೆ. ಕಂಡಕ್ಟರ್, "ಎಲ್ಲಿಗೆ ಅಕ್ಕಾ, ಕೆಲಸಕ್ಕೇನು?" ಎಂದ. ಕಡೇ ಸ್ಟಾಪಿಗೆ ಎಂದೆ. ಕಾರಿಗನೂರಿನ ಹತ್ತಿರ ರಸ್ತೆ ಈಗ ಚೆನ್ನಾಗಿದೆ, ಡಬ್ಬಿಗಳು ಬಡಿದುಕೊಳ್ಳಲಿಲ್ಲ. ಪಾಪಿನಾಯಕನಹಳ್ಳಿ ದಾಟಿತು. ಗಾದಿಗನೂರಿನಲ್ಲಿ ಇಬ್ಬರು ಇಳಿದರು. ಅಲ್ಲಿಂದ ಮುಂದೆ ನಾನು ವಾಚು ನೋಡಿಕೊಂಡು ಕೂತೆ. ಯಾರೂ ಎಬ್ಬಿಸಲಿಲ್ಲ, ಬಸ್ಸು ನಿಧಾನವೂ ಆಗಿರಲಿಲ್ಲ. ಒಬ್ಬೊಬ್ಬರಾಗಿ ತಾವೇ ಕಣ್ಣು ಬಿಟ್ಟರು. ಒಬ್ಬ ಅಂಗೈಯಿಂದ ಮುಖ ಒರೆಸಿಕೊಂಡ, ಒಬ್ಬ ಪಕ್ಕದವನ ಹೆಗಲನ್ನು ತಟ್ಟಿ ಒರೆಸಿದ, ತಾನು ಜೊಲ್ಲು ಸುರಿಸಿದ್ದ ಜಾಗವನ್ನು. ಎಲ್ಲರೂ ಹೆಲ್ಮೆಟ್ಟು ಹಾಕಿಕೊಂಡು ಇಳಿದರು. ನನ್ನ ಗಂಡ ತೆಗೆದ ಕೊನೆಯ ಆರು ನಿಮಿಷ ಇದೇ ಇರಬಹುದು, ಬೇರೆಯೂ ಇರಬಹುದು.

"ಅಕ್ಕಾ, ಇಳೀರಿ, ಬಸ್ ತಿರುಗಸ್ತೀವಿ" ಎಂದ ಕಂಡಕ್ಟರ್.

ಎಲ್ಲರೂ ಕಾರ್ಖಾನೆಯ ಗೇಟಿನೊಳಗೆ ಹೋಗುವ ತನಕ ನಾನು ಏಳಲಿಲ್ಲ.